ಬಿಡದ ಪ್ರೋಟೀನು, ಬಿಡದ ಅತ್ತೆ

ನನ್ನ ಅತ್ತೆ ನನ್ನ ರಕ್ತ ಹೀರಿದ್ದಾರೆ. ಸೊಸೆಯಂದಿರೆಲ್ಲ ಹೇಳುವ ಮಾತೇ ಇದು ಎಂದು ನಗಬೇಡಿ. ಅವರೆಲ್ಲ ಬಾಯಿಮಾತಿಗೆ ಹೇಳುತ್ತಾರೆ, ನಾನು ಅಳತೆ ಸಮೇತ ಹೇಳುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಎರಡು ಮಿಲಿಲೀಟರು, ಎಡಗೈಯಿಂದ. ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸು ಸಿರಿಂಜು ಹಿಡಿಯುತ್ತಿದ್ದಳು. ಅತ್ತೆ ಪಕ್ಕದಲ್ಲಿ ಐಸು ತುಂಬಿದ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿರುತ್ತಿದ್ದರು. ಆಮೇಲೆ ನನಗೊಂದು ಎಳನೀರು. ಇಷ್ಟು ನಿಯತ್ತಾಗಿ ರಕ್ತ ಹೀರುವ ಅತ್ತೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಕೈ ಎತ್ತಿ!

ನನಗೆ ಇದು ಮೊದಲೇ ಗೊತ್ತಾಗಬೇಕಿತ್ತು. ಕುದೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ಇವರು ನನಗೆ ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ, ಹಾಡು ಹೇಳಿಸಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿದ್ದು ಎರಡೇ ಪ್ರಶ್ನೆ.

"ಬ್ಲಡ್ ಗ್ರೂಪ್ ಯಾವ್ದಮ್ಮ?"

"ಓ ಪಾಸಿಟಿವ್" ಎಂದೆ. ಅವರ ಮುಖ ಅರಳಿತು. ಎಷ್ಟು ಮುಂದಾಲೋಚನೆಯ ಮನೆತನ, ಹುಟ್ಟುವ ಮೊಮ್ಮಕ್ಕಳ ಆರೋಗ್ಯದ ಬಗ್ಗೆ ಈಗಲೇ ಯೋಚಿಸುತ್ತಾರಲ್ಲ ಎಂದು ನಮ್ಮಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಎರಡನೆಯ ಪ್ರಶ್ನೆ ನಮ್ಮಪ್ಪನಿಗೆ. "ಹಲಸಿನ ಮರ ಎಷ್ಟವೆ?"

ನಮ್ಮಪ್ಪ ಬೆವೆತರು. ಆಸ್ತಿ ವಿಚಾರಿಸುತ್ತಿದ್ದಾರೆ ಎಂದುಕೊಂಡು, "ಐದವೆ. ಅದ್ರಾಗೆ ಎರಡು ಚೆನ್ನಾಗ್ ಕಾಯ್ತವೆ" ಎಂದು ಒಂದು ಮರ ಜಾಸ್ತಿಯೇ ಹೇಳಿದರು. ಸಂಬಂಧ ಅಲ್ಲೇ ಕುದುರಿತು. ಪಾಪ, ಅತ್ತೆಗೆ ಬೇಕಿದ್ದದ್ದು ಹಲಸಿನ ಬೀಜ ಮತ್ತು ನನ್ನ ಕೆಂಪು ರಕ್ತಕಣ ಎಂದು ಅಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಅತ್ತೆ ರಾಮನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಮೇಡಂ ಆಗಿದ್ದರು. ಮಕ್ಕಳ ಓದು, ಮನೆ ಕಟ್ಟುವುದು, ಮಾವನ ಬೈಪಾಸು ಎಲ್ಲ ಮುಗಿಸಿ ಐವತ್ತೈದನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಹೆಸರು ಬರೆಸಿದವರು. ನೆಂಟರು "ಈ ವಯಸ್ನಾಗೆ ಯಾಕ್ರವ್ವ ಡಾಕ್ಟ್ರು?" ಎಂದರೆ, "ಹೋದ ವಯಸ್ನಾಗೆ ನಿಮ್ಗೆಲ್ಲ ಮುದ್ದೆ ತಿರುವ್ತಿದ್ನಲ್ಲ, ಅದುಕ್ಕೆ" ಎನ್ನುವರು. ಮಾವನದು ದಿನಸಿ ಅಂಗಡಿ. ನನ್ನ ಗಂಡ ಬಿಡದಿಯ ಫ್ಯಾಕ್ಟರಿಯಲ್ಲಿ. ನಾನು ಹೈಸ್ಕೂಲಿನ ಕನ್ನಡ ಟೀಚರು. ಅಂದರೆ ಮನೆಯಲ್ಲಿ ಅವರ ವಿಜ್ಞಾನ ಅರ್ಥವಾಗುವವರು ಒಬ್ಬರೂ ಇಲ್ಲ. ಹಾಗೆಂದು ಅವರು ಹೇಳುವುದನ್ನು ನಿಲ್ಲಿಸಿದರೇ? ಅದೂ ಇಲ್ಲ!

ಅವರು ನನಗೆ ಹೇಳಿಕೊಟ್ಟದ್ದನ್ನು ನಾನು ನಿಮಗೆ ಹೇಳುತ್ತೇನೆ. ಹಲಸಿನ ಬೀಜ ರುಬ್ಬಿ ಸೋಸಿದ ಹಾಲಿನಲ್ಲಿ ನೂರಾರು ಪ್ರೋಟೀನುಗಳಿವೆ. ಅದರಲ್ಲಿ ಒಂದಕ್ಕೆ ಮಾತ್ರ ಒಂದು ಜಾತಿಯ ಸಕ್ಕರೆ ಕಂಡರೆ ಪ್ರಾಣ. ಹೆಸರು ಲೆಕ್ಟಿನ್. ಅದು ಒಂದೇ ಸಲಕ್ಕೆ ಹಲವು ಕಡೆ ಕೈ ಚಾಚಿ ಆ ಸಕ್ಕರೆಯನ್ನು ಹಿಡಿಯಬಲ್ಲದು. ಗೋರಿಕಾಯಿ ಬೀಜದ ಅಂಟಿನಲ್ಲಿ ಅದೇ ಸಕ್ಕರೆ ಇದೆ. ಆ ಅಂಟನ್ನು ಗಟ್ಟಿ ಮಾಡಿ, ಪುಡಿ ಮಾಡಿ, ಜರಡಿ ಹಿಡಿದು, ಮೊಳದುದ್ದದ ಗಾಜಿನ ಕೊಳವೆಯಲ್ಲಿ ತುಂಬಿದರೆ ಅದೇ ಕಾಲಂ. ಮೇಲಿನಿಂದ ಬೀಜದ ಹಾಲು ಸುರಿದರೆ ಬೇರೆಲ್ಲ ಪ್ರೋಟೀನುಗಳು ಕೆಳಗಿನ ನಲ್ಲಿಯಿಂದ ಇಳಿದು ಹೋಗುತ್ತವೆ. ಲೆಕ್ಟಿನ್ ಮಾತ್ರ ಒಳಗೆ ಕಚ್ಚಿಕೊಂಡು ಕೂರುತ್ತದೆ. (ಆ ಜರಡಿ ನಮ್ಮ ಅಡುಗೆಮನೆಯದು. ಅದು ಮತ್ತೆ ರಾಗಿ ಹಿಟ್ಟಿನ ಮುಖ ನೋಡಲಿಲ್ಲ. ಮಿಕ್ಸಿಯ ದೊಡ್ಡ ಜಾರು ಅದಕ್ಕೂ ಮೊದಲೇ ಕಾಲೇಜು ಸೇರಿತ್ತು.)

"ಹಿಡ್ಕೊಳೋದು ಏನ್ ಮಹಾ ಕಣಮ್ಮ? ಹಿಡ್ಕೊಂಡಿದ್ದು ಬುಡಂಗೆ ಮಾಡೋದೈತಲ್ಲ, ಅದೂ ಜೀವ ಹೋಗ್ದಂಗೆ, ಅದು ಕಷ್ಟ" ಎಂದು ಅತ್ತೆ ಉಪ್ಪಿನ ಡಬ್ಬಿಯನ್ನೇ ಕಾಲಂ ಮಾಡಿಕೊಂಡು ತೋರಿಸುವರು.

ಜೀವ ಇದೆಯೋ ಹೋಗಿದೆಯೋ ನೋಡುವುದಕ್ಕೇ ನನ್ನ ರಕ್ತ. ಪಡ್ಡು ಹುಯ್ಯುವ ಕಾವಲಿಯಂಥ, ಬಲು ಸಣ್ಣ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯಲ್ಲಿ ಒಂದು ತೊಟ್ಟು ತೆಳುಮಾಡಿದ ರಕ್ತಕಣ, ಒಂದು ತೊಟ್ಟು ಲೆಕ್ಟಿನ್. ಲೆಕ್ಟಿನ್ ಜೀವಂತವಿದ್ದರೆ ರಕ್ತಕಣಗಳನ್ನು ಒಂದಕ್ಕೊಂದು ಹೆಣೆದು ಗುಳಿಯ ತುಂಬ ಚಾಪೆಯಂತೆ ಹಾಸುತ್ತದೆ. ಸತ್ತಿದ್ದರೆ ಕಣಗಳೆಲ್ಲ ಜಾರಿ ತಳಕ್ಕೆ ಹೋಗಿ ನಡುವೆ ದುಂಡಗೆ ಕೆಂಪು ಬೊಟ್ಟಾಗಿ ಕೂರುತ್ತವೆ. ಹೀಗಾಗಿ ಕೆಂಪು ಬೊಟ್ಟು ಕಂಡರೆ ಕಣ್ಣೀರು ಹಾಕುವ ಮುತ್ತೈದೆ ಇಡೀ ಜಿಲ್ಲೆಯಲ್ಲಿ ನಮ್ಮ ಅತ್ತೆ ಒಬ್ಬರೇ!

ಮೊದಲು ಉಪ್ಪುನೀರು ಹಾಕಿದರು. ಎಷ್ಟೇ ಗಾಢವಾಗಿ ಹಾಕಿದರೂ ಲೆಕ್ಟಿನ್ ಅಲುಗಲಿಲ್ಲ. ಆಗ ಬೆಂಗಳೂರಿನ ಅವರ ಗೈಡು ಫೋನಿನಲ್ಲಿ ಹೇಳಿದರು, "ಮೇಡಂ, ಸುಮ್ಮನೆ ಆಸಿಡ್ ಹಾಕಿ. ಒಂದೇ ಸಲಕ್ಕೆ ಎಲ್ಲಾ ಬಂದುಬಿಡುತ್ತೆ."

ಹಾಕಿದರು. ಬಂತು, ಗಂಟುಮೂಟೆ ಕಟ್ಟಿಕೊಂಡು ಬಂತು. ನಾಲ್ಕೇ ಟ್ಯೂಬಿನಲ್ಲಿ ಪೂರ್ತಿ. ಅತ್ತೆ ಕುಣಿಯುವುದೊಂದು ಬಾಕಿ. ಸಂಜೆ ತಟ್ಟೆ ನೋಡಿದರೆ ಸಾಲಾಗಿ ಬೊಟ್ಟು, ಬೊಟ್ಟು, ಬೊಟ್ಟು. ಆಸಿಡ್ಡಿನ ಏಟಿಗೆ ಹಿಡಿತವೇನೋ ತಪ್ಪಿತ್ತು, ಜೊತೆಗೆ ಲೆಕ್ಟಿನ್ನಿನ ಆಕಾರವೂ ಕೆಟ್ಟಿತ್ತು. ಟ್ಯೂಬಿಗೆ ಬಿದ್ದ ಕೂಡಲೇ ಹುಳಿ ಮುರಿಯಲಿ ಎಂದು ಮುಂಚೆಯೇ ತಳದಲ್ಲಿ ಕ್ಷಾರ ಹಾಕಿಟ್ಟು ಇನ್ನೊಮ್ಮೆ ಮಾಡಿದರು. ಕಾಲು ಭಾಗ ಬದುಕಿತು.

"ಸರ್, ಬಂದೈತೆ. ಆದ್ರೆ ಮುಕ್ಕಾಲು ಸತ್ತು ಬಂದೈತೆ" ಎಂದು ಅತ್ತೆ ಫೋನು ಮಾಡಿದರು.

"ಪ್ಯೂರ್ ಆಗಿದೆ ತಾನೇ? ಫೋಟೋ ತೆಗೆದು ಥೀಸಿಸ್ ಬರೀರಿ ಮೇಡಂ. ಬದುಕಿದ್ಯೋ ಸತ್ತಿದ್ಯೋ ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತದಲ್ಲ ಸರ್."

"ನೋಡಿ ಮೇಡಂ, ಮುಂದಿನ ಜೂನ್‌ಗೆ ನೀವು ರಿಟೈರು. ಆಮೇಲೆ ನಿಮಗೆ ಲ್ಯಾಬೂ ಇಲ್ಲ, ಫ್ರಿಜ್ಜೂ ಇಲ್ಲ. ನಾನೇನೂ ಕಾಯ್ತಾ ಕೂರಕ್ಕಾಗಲ್ಲ" ಎಂದು ಗೈಡು ಫೋನಿಟ್ಟರು. ಅತ್ತೆ ಆ ದಿನ ರಾತ್ರಿ ಊಟದಲ್ಲಿ ಎರಡು ಮುದ್ದೆ ಉಂಡರು. ಅವರು ಹಟಕ್ಕೆ ಬಿದ್ದರೆ ಹಸಿವು ಜಾಸ್ತಿ.

ಆಸಿಡ್ಡಿನ ದಾರಿ ಮುಚ್ಚಿತು. ಉಳಿದದ್ದು ಸಕ್ಕರೆಯ ದಾರಿ. ಕಾಲಂನಲ್ಲಿರುವ ಸಕ್ಕರೆಯನ್ನು ಲೆಕ್ಟಿನ್ ಹಿಡಿದುಕೊಂಡಿದೆಯಲ್ಲ, ಅದೇ ಜಾತಿಯ ಬಿಡಿ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಸುರಿದರೆ ಲೆಕ್ಟಿನ್ ಇದನ್ನು ಬಿಟ್ಟು ಅದನ್ನು ಹಿಡಿದುಕೊಂಡು, ಕೂದಲೂ ಕೊಂಕದೆ ಇಳಿದು ಬರಬೇಕು. ಈ ಮಾತು ಊಟದ ಹೊತ್ತಿನಲ್ಲಿ ಬಂದದ್ದೇ ತಪ್ಪಾಯಿತು. ನಮ್ಮ ಮಾವ ಮಜ್ಜಿಗೆ ಬಿಟ್ಟು ಎದ್ದರು.

"ಸಕ್ರೆ ತಾನೆ? ನಮ್ಮಂಗ್ಡೀಲಿ ಮೂಟೆ ಮೂಟೆ ಐತೆ. ನೀ ಬೆಂಗ್ಳೂರಿಂದ ಯಾಕ್ ತರುಸ್ತೀಯೆ?"

ಅತ್ತೆ ನಗಲಿಲ್ಲ. "ಮಾಡಿ ನೋಡ್ದೆ ಬ್ಯಾಡ ಅನ್ನಬಾರ್ದು" ಎಂದು ಮರುದಿನ ಒಂದು ಪೊಟ್ಟಣ ಅಂಗಡಿ ಸಕ್ಕರೆ ಒಯ್ದು ಕರಗಿಸಿ ಸುರಿದೇ ಬಿಟ್ಟರು. ಒಂದು ತೊಟ್ಟು ಲೆಕ್ಟಿನ್ ಇಳಿಯಲಿಲ್ಲ. ಸಂಜೆ ಬಂದು, "ನಿಮ್ಮಂಗ್ಡಿ ಸಕ್ರೆ ಅದುಕ್ಕೆ ಬ್ಯಾಡ್ವಂತೆ ಕಣ್ರೀ" ಎಂದರು.

ಮಾವನಿಗೆ ನಿಜವಾಗಿ ನೋವಾಯಿತು. "ಯಾಕಂತೆ? ಫಸ್ಟ್ ಕ್ವಾಲಿಟಿ ಕಣೇ ಅದು!"

ಆಮೇಲೆ ಹಾಲಿನ ಸಕ್ಕರೆ ಲ್ಯಾಕ್ಟೋಸು. ಅದಕ್ಕೆ ಲೆಕ್ಟಿನ್ ಬೇಕೋ ಬೇಡವೋ ಎಂಬಂತೆ ತುಸು ಬಂದು ನಿಂತಿತು. ಕೊನೆಗೆ ಗ್ಯಾಲಕ್ಟೋಸು. ಇದು ಸರಿಯಾದ ಸಕ್ಕರೆ, ಆದರೆ ಸಣ್ಣ ಬಾಟಲಿಯಲ್ಲಿ ಬರುವ ದುಬಾರಿ ಸಾಮಾನು. ಅದನ್ನು ಸುರಿದಾಗ ಲೆಕ್ಟಿನ್ ಬಂತು, ಜೀವಂತವಾಗಿಯೇ ಬಂತು. ಹೇಗೆ ಬಂತು ಎಂದರೆ, ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ. ಹೊರಟೆ ಎನ್ನುತ್ತದೆ, ಹೊರಡುವುದಿಲ್ಲ. ಒಂದೊಂದು ಟ್ಯೂಬಿಗೆ ಚೂರು ಚೂರು, ನಲವತ್ತು ಟ್ಯೂಬಿನುದ್ದಕ್ಕೂ ನೀರು ನೀರಾಗಿ. ಅಷ್ಟು ತೆಳ್ಳಗಿದ್ದರೆ ಮುಂದಿನ ಯಾವ ಪರೀಕ್ಷೆಗೂ ಬರುವುದಿಲ್ಲವಂತೆ. ಸಕ್ಕರೆ ಹೆಚ್ಚಿಸಿದರು, ತಗ್ಗಿಸಿದರು, ಹನಿಯ ವೇಗ ಬದಲಿಸಿದರು. ಏನು ಮಾಡಿದರೂ ಅದೇ ನಲವತ್ತು ಟ್ಯೂಬು. ಅಷ್ಟರಲ್ಲಿ ಹಲಸಿನ ಕಾಲ ಮುಗಿದು ಮುಂದಿನ ವರ್ಷದ ಕಾಲವೂ ಬಂತು.

ಬೀಜದ ಬರ ಎಂದರೆ ಏನೆಂದು ನಾನು ಕಂಡದ್ದು ಆಗ. ನಮ್ಮಪ್ಪ ಕುದೂರಿನಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ ಚೀಲ ಸಾಲುತ್ತಿರಲಿಲ್ಲ. ಕೆಂಗಲ್ ಹತ್ತಿರದ ಛತ್ರದಲ್ಲಿ ಮಾವನ ಕಡೆಯವರ ಮದುವೆ. ಊಟಕ್ಕೆ ಹಲಸಿನ ಹಣ್ಣಿನ ರಸಾಯನ. ಅತ್ತೆ ರೇಷ್ಮೆ ಸೀರೆಯಲ್ಲೇ ಅಡುಗೆಮನೆಗೆ ನುಗ್ಗಿ ಬಾಣಸಿಗರ ಮುಂದೆ ಚೀಲ ಒಡ್ಡಿದರು. "ಬೀಜ ಬಿಸಾಕ್ಬೇಡ್ರಪ್ಪ, ನಂಗೆ ಕೊಡಿ." ಬಾಣಸಿಗ ಇವರನ್ನು ಮೇಲಿಂದ ಕೆಳಗೆ ನೋಡಿದ. ಸೀರೆ ಯಾರೋ ಕೊಟ್ಟದ್ದಿರಬೇಕು ಎಂದುಕೊಂಡನೋ ಏನೋ, ಮನಸ್ಸು ಕರಗಿ ಬೀಜದ ಜೊತೆಗೆ ಒಂದು ಪೊಟ್ಟಣ ಪುಳಿಯೋಗರೆ, ನಾಲ್ಕು ಲಾಡು ಕಟ್ಟಿಕೊಟ್ಟು, "ಮಕ್ಳಿಗೆ ಕೊಡವ್ವ" ಎಂದ. ಬಾಗಿಲಲ್ಲಿ ನಿಂತಿದ್ದ ನಾನು ನಾಚಿಕೆಯಿಂದ ಕರಗಿ ಹೋದೆ.

"ಅತ್ತೆ, ಲಾಡು ಆದ್ರೂ ವಾಪಸ್ ಕೊಡಬಾರದಿತ್ತಾ?"

"ಪ್ರೀತಿಯಿಂದ ಕೊಟ್ಟವ್ನೆ. ನಿನ್ ಗಂಡಂಗೆ ಲಾಡು ಅಂದ್ರೆ ಇಷ್ಟ ತಾನೆ?"

ಮೇ ತಿಂಗಳ ಕೊನೆ ಬಂತು. ಇನ್ನು ಐದು ವಾರಕ್ಕೆ ಅತ್ತೆ ರಿಟೈರು. ಬಾಟಲಿಯಲ್ಲಿ ಗ್ಯಾಲಕ್ಟೋಸು ಒಂದೇ ಸಲಕ್ಕೆ ಆಗುವಷ್ಟಿತ್ತು. ಹೊಸ ಬಾಟಲಿಗೆ ಬರೆದು ಎರಡು ತಿಂಗಳಾದರೂ ಬಂದಿರಲಿಲ್ಲ. ಕಾಲಂ ತುಂಬಿಸಿ, ತೊಳೆದು, ಬೆಳಗ್ಗೆ ಸಕ್ಕರೆ ಸುರಿಯುವುದೊಂದೇ ಬಾಕಿ ಎನ್ನುವಾಗ ಪ್ರಿನ್ಸಿಪಾಲರು ಅವರನ್ನು ಪರೀಕ್ಷೆಯ ಕೊಠಡಿ ಕಾಯಲು ಹಾಕಿದರು. ಹತ್ತರಿಂದ ಒಂದರವರೆಗೆ. ಬೇಡವೆನ್ನುವಂತಿಲ್ಲ. ನನಗೆ ಬೇಸಿಗೆ ರಜೆ. ಅತ್ತೆ ನನ್ನನ್ನು ಕಾಲೇಜಿಗೆ ಕರೆದೊಯ್ದು, ಸಕ್ಕರೆನೀರು ಸುರಿದು, ಕಾಲಂ ಮುಂದೆ ಸ್ಟೂಲು ಹಾಕಿ ಕೂರಿಸಿದರು.

"ಹತ್ತು ನಿಮಿಷಕ್ಕೊಂದು ಟ್ಯೂಬ್ ಬದಲಾಯ್ಸು. ಕಾಲಂ ಒಣಗಬಾರ್ದು, ಅಷ್ಟೇ. ಏನಾರ ಎಡವಟ್ಟಾದ್ರೆ ಯೋಚ್ನೆ ಮಾಡ್ದೆ ನಲ್ಲಿ ಮುಚ್ಬುಡು."

ಕನ್ನಡ ಟೀಚರಿಗೆ ಇಂಥ ಜವಾಬ್ದಾರಿ! ಒಂದು ಟ್ಯೂಬು ಬದಲಿಸಿದೆ. ಎರಡನೆಯದೂ ಆಯಿತು. ಮೂರನೆಯದಕ್ಕೆ ಕೈ ಚಾಚಿದಾಗ ಮೈಯೆಲ್ಲ ಗಡಗಡ ನಡುಗತೊಡಗಿತು. ಕಣ್ಣಗುಡ್ಡೆಯ ಹಿಂದೆ ಯಾರೋ ಕುಟ್ಟಾಣಿ ಕುಟ್ಟುತ್ತಿದ್ದ ಹಾಗೆ ನೋವು. ಟ್ಯೂಬುಗಳು ಎರಡೆರಡಾಗಿ ಕಂಡವು. ಅತ್ತೆಯ ಮಾತೊಂದೇ ನೆನಪಿತ್ತು. ನಲ್ಲಿ ಮುಚ್ಚಿದೆ. ಬೆಂಚಿನ ಮೇಲೆ ತಲೆಯಿಟ್ಟೆ. ಅಷ್ಟೇ.

ಕಣ್ಣು ಬಿಟ್ಟಾಗ ಆಟೋದಲ್ಲಿದ್ದೆ. ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು. ಕಾಲೇಜಿನ ಅಟೆಂಡರು ಸಾಹೇಬರು ಗೇಟಿನವರೆಗೆ ಓಡಿ ಬಂದು ಕೂಗುತ್ತಿದ್ದರು, "ಫಿಕರ್ ಮಾಡ್ಬೇಡಿ ಮೇಡಂ, ನಿಮ್ ಕಾಲಂ ಹಂಗೇ ಎತ್ತಿ ಫ್ರಿಜ್ನಲ್ಲಿ ಮಡಗ್ತೀನಿ!"

"ಏನಾರ ಮಾಡಪ್ಪ" ಎಂದರು ಅತ್ತೆ. ಕಾಲಂ ವಿಷಯದಲ್ಲಿ ಅವರ ಬಾಯಿಂದ 'ಏನಾರ ಮಾಡು' ಎಂಬ ಮಾತು! ನನಗೆ ಭಯವಾದದ್ದು ಆಗಲೇ. ನಾನು ಸಾಯುತ್ತಿದ್ದೇನೆ ಎಂದು ಖಾತ್ರಿಯಾಯಿತು.

ಸಾಯಲಿಲ್ಲ. ಡೆಂಗ್ಯೂ. ಐದು ದಿನ ಆಸ್ಪತ್ರೆ. ಮಗನನ್ನು "ನೀ ಡ್ಯೂಟಿಗೋಗು, ನಿಂಗೇನ್ ತಿಳಿತದೆ" ಎಂದು ಅಟ್ಟಿ, ಅತ್ತೆ ಐದು ದಿನವೂ ನನ್ನ ಮಂಚದ ಪಕ್ಕದ ಕಬ್ಬಿಣದ ಕುರ್ಚಿ ಬಿಡಲಿಲ್ಲ. ನರ್ಸುಗಳಿಗೆ ಅವರ ಕಾಟ ಕೊಂಚವಲ್ಲ. ಪ್ಲೇಟ್‌ಲೆಟ್ ವರದಿ ಬಂದರೆ ಎಣಿಸಿದ್ದು ಯಾರು, ಯಾವ ಯಂತ್ರ, ರಕ್ತ ಎಷ್ಟು ಹೊತ್ತು ಹೊರಗಿತ್ತು ಎಂದು ಪಾಟೀಸವಾಲು. ಮೂರನೇ ದಿನ ಲ್ಯಾಬಿನ ಹುಡುಗಿ ವರದಿಯನ್ನು ಕಿಟಕಿಯಿಂದ ಎಸೆದು ಓಡಿಹೋದಳು!

ನಾಲ್ಕನೇ ದಿನ ಜ್ವರ ಇಳಿದ ಮೇಲೆ ನನಗೆ ಕಾಲಂ ನೆನಪಾಗಿ ಅಳು ಬಂತು. "ಅತ್ತೆ, ಕೊನೇ ಸಕ್ಕರೆ ಹಾಳು ಮಾಡ್ಬಿಟ್ಟೆ. ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ."

"ಸುಮ್ಕೆ ಮನಿಕ್ಕೊ. ಹೋದ್ರೆ ಹೋಯ್ತು" ಎಂದು ಮೋಸಂಬಿ ಸುಲಿಯತೊಡಗಿದರು.

ನನ್ನನ್ನು ಮನೆಗೆ ಕರೆತಂದು, ಗಂಜಿ ಕುಡಿಸಿ, ಮಾವನನ್ನು ಕಾವಲಿಗೆ ಕೂರಿಸಿದ ಮೇಲೆಯೇ ಅವರು ಕಾಲೇಜಿಗೆ ಹೋದದ್ದು. ಕಾಲಂ ತೊಳೆದಿಟ್ಟು ಬರೋಣ ಎಂದಷ್ಟೇ ಹೋಗಿದ್ದರು. ಸಂಜೆ ನಾಲ್ಕಕ್ಕೆ ಮಾವನ ಫೋನು ಬಡಿಯಿತು. ಆ ಕಡೆಯ ಕೂಗು ನನ್ನ ಮಂಚಕ್ಕೂ ಕೇಳಿಸಿತು.

"ಹಾಸ್ಕೊಂಬುಟ್ಟೈತೆ ಕಣ್ರೀ! ಪೂರಾ ಹಾಸ್ಕೊಂಬುಟ್ಟೈತೆ!"

"ಏನೇ ಅದು, ಚಾಪೆನಾ?" ಎಂದರು ಮಾವ.

ಚಾಪೆಯೇ! ನಲ್ಲಿ ಬಿಟ್ಟ ಕೂಡಲೇ ಲೆಕ್ಟಿನ್ನೆಲ್ಲ ಮೂರೇ ಟ್ಯೂಬಿನಲ್ಲಿ ದಪ್ಪಗೆ, ಜೀವಂತವಾಗಿ ಇಳಿದಿತ್ತು. ಗುಳಿಗುಳಿಯಲ್ಲೂ ರಕ್ತಕಣದ ಚಾಪೆ. ಲೆಕ್ಟಿನ್ ಹಿಡಿದ ಸಕ್ಕರೆಯನ್ನು ಬಿಡಲು ಹೊತ್ತು ತೆಗೆದುಕೊಳ್ಳುತ್ತದೆ. ಸಕ್ಕರೆನೀರು ಹರಿಯುತ್ತಲೇ ಇದ್ದಾಗ ಅದು ಬಿಟ್ಟಷ್ಟು ಬಿಟ್ಟಷ್ಟೇ ಇಳಿದು ಬಂದು ತೆಳ್ಳಗಾಗುತ್ತಿತ್ತು. ನಲ್ಲಿ ಮುಚ್ಚಿ ಸಕ್ಕರೆಯಲ್ಲಿ ನೆನೆಯಲು ಬಿಟ್ಟಾಗ ಎಲ್ಲವೂ ಒಳಗೇ ಬಿಡಿಸಿಕೊಂಡು, ಒಟ್ಟಿಗೆ ಹೊರಟು ಬಂತು.

ಬೇರೆ ಯಾರಾದರೂ ಆಗಿದ್ದರೆ ಅಂದೇ ಥೀಸಿಸ್ ಬರೆಯಲು ಕೂರುತ್ತಿದ್ದರು. ನನ್ನ ಅತ್ತೆ? "ಒಂದ್ ಸಲ ಆದ್ದು ಅದೃಷ್ಟ. ಮೂರ್ ಸಲ ಆದ್ರೆ ವಿಜ್ಞಾನ" ಎಂದರು. ಬಾರದ ಬಾಟಲಿಗೆ ಕಾಯದೆ ಬೆಂಗಳೂರಿಗೆ ಹೋಗಿ, ಮೂರು ಸಂಸ್ಥೆಗಳ ಲ್ಯಾಬುಗಳಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಚಮಚ ಚಮಚ ಗ್ಯಾಲಕ್ಟೋಸು ಕೇಳಿ ತಂದರು. ನಮ್ಮಪ್ಪ ಐದನೇ ಮರ ಇಲ್ಲದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಊರವರ ಹಿತ್ತಲಿನ ಬೀಜವನ್ನೂ ಸೇರಿಸಿ ಕಳಿಸಿದರು. ನನ್ನ ರಕ್ತ ಇನ್ನು ಆರು ತಿಂಗಳು ಮುಟ್ಟುವಂತಿಲ್ಲ ಎಂದು ಅತ್ತೆಯೇ ಕಟ್ಟಳೆ ಮಾಡಿ, ಸೂಜಿ ಕಂಡರೆ ಬೀಳುವ, ನನ್ನದೇ ಗ್ರೂಪಿನ ನನ್ನ ಗಂಡನನ್ನು ಹಿಡಿದು ಕೂರಿಸಿದರು. ಒಂದು ಗಂಟೆ ನೆನೆಸಿದರು, ಮೂರು ಗಂಟೆ ನೆನೆಸಿದರು, ಇಡೀ ದಿನ ನೆನೆಸಿದರು. ಮೂರು ಗಂಟೆ ಸಾಕು ಎಂದು ಗೊತ್ತಾಯಿತು. ಜೂನ್ ಮೂವತ್ತಕ್ಕೆ ಹಾರ ಹಾಕಿಸಿಕೊಂಡು ರಿಟೈರಾದರು. ಜುಲೈ ಒಂದಕ್ಕೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು, "ಇನ್ನೊಂದೇ ತಿಂಗಳು ಸರ್, ಮೂಲೆ ಬೆಂಚು ಸಾಕು" ಎಂದರು. ಅವರು ಇಲ್ಲ ಎನ್ನಲಿಲ್ಲ. ಎಂದಿದ್ದರೂ ಇವರು ಅಲ್ಲಿಂದ ಕದಲುತ್ತಿರಲಿಲ್ಲ ಬಿಡಿ.

ಗೈಡು ಪೂರ್ತಿ ಓದಿ ಸಹಿ ಹಾಕಿದರು. ಒಂದೇ ಮಾತು ಕೇಳಿದರಂತೆ. "ಮೇಡಂ, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ಮೊದಲನೇ ಸಲ. ಐದು ದಿನ ನೆನೆಸಿದ್ದು. ಅದನ್ನೇ ಥೀಸಿಸ್‌ಗೆ ಹಾಕಿಲ್ವಲ್ಲ?"

"ಅದು ಬ್ಯಾಡ ಸರ್" ಎಂದು ಅತ್ತೆ ಮಾತು ಮುಗಿಸಿದ್ದರು. ಯಾಕೆ ಎಂದು ನಮಗೂ ಹೇಳಲಿಲ್ಲ. ಅವರ ಹೆಸರಿನ ಹಿಂದೆ ಡಾಕ್ಟರ್ ಬಂತು. ಮಾವ ಅಂಗಡಿಗೆ ಬಂದವರಿಗೆಲ್ಲ ಲಾಡು ಹಂಚಿದರು.

ಮೊನ್ನೆ, ಇಷ್ಟೆಲ್ಲ ಆಗಿ ಒಂದು ವರ್ಷದ ಮೇಲೆ, ಅವರ ಪುಸ್ತಕದ ಕಪಾಟು ಒರೆಸುತ್ತಿದ್ದೆ. ಲ್ಯಾಬಿನ ದಿನಚರಿ ಪುಸ್ತಕ ಕೈಗೆ ಸಿಕ್ಕಿತು. ಮೇ ತಿಂಗಳ ಆ ದಿನದ ಹಾಳೆ ತೆಗೆದೆ. ಬೇರೆ ಹಾಳೆಗಳ ತುಂಬ ಅಂಕಿಗಳು. ಇದರಲ್ಲಿ ಮೂರೇ ಸಾಲು, ಅತ್ತೆಯ ದುಂಡು ಅಕ್ಷರದಲ್ಲಿ:

ಮಧ್ಯಾಹ್ನ ೧.೦೫. ಕಾಲಂ ನೋಡಿದೆ.

೧.೦೬. ಸೊಸೆಯನ್ನು ನೋಡಿದೆ.

ತಪ್ಪು ಮಾಡಿದೆ.

ಪುಸ್ತಕ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಅತ್ತೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಾಳೆ ಕಂಡ ಕೂಡಲೇ ಕೈ ನಿಂತಿತು.

"ಒಂದು ನಿಮಿಷ ತಾನೇ ಅತ್ತೆ."

"ಒಂದ್ ನಿಮ್ಷವೇ ಕಣಮ್ಮ. ನಿಂಗೆ ನೂರಾಮೂರಿತ್ತು. ಬೆಂಚ್ ಮೇಲೆ ತಲೆ ಇಟ್ಟಿದ್ದೆ, ನಾನು ನಿದ್ದೆ ಮಾಡ್ತಾವ್ಳೆ ಅನ್ಕೊಂಡು ನಿನ್ನ ದಾಟ್ಕೊಂಡೋಗಿ ನಲ್ಲಿ ಮುಟ್ಟಿ ನೋಡ್ದೆ. ಕ್ವಾಪ ಬಂತು ಒಸಿ. ಆಮೇಲೆ ನಿನ್ನ ಅಲುಗಾಡ್ಸಿದ್ರೆ ಕೈ ಸುಟ್ಟೋಯ್ತು." ಮೊರವನ್ನು ಪಕ್ಕಕ್ಕೆ ಸರಿಸಿದರು. "ಆವತ್ತಿಂದು ಹೆಂಗೆ ಥೀಸಿಸ್ನಾಗೆ ಹಾಕ್ಲಿ ಹೇಳು?"

ನಾನು ಪಕ್ಕದಲ್ಲಿ ಕೂತೆ. ಯಾರಿಗೂ ಹೇಳದ ಮಾತೊಂದು ನನ್ನ ಹತ್ತಿರವೂ ಇತ್ತು.

"ಅತ್ತೆ, ಆವತ್ತು ಬೆಳಗ್ಗೆ ಆರು ಗಂಟೆಗೇ ನನಗೆ ನೂರಾ ಒಂದಿತ್ತು. ನೀವು ಬೇಡ ಅಂತೀರ ಅಂತ ಮಾತ್ರೆ ನುಂಗಿ ಬಂದಿದ್ದೆ. ನಾನೂ ಮೊದಲು ನೋಡಿದ್ದು ಕಾಲಂನೇ."

ಅತ್ತೆ ನನ್ನನ್ನೇ ನೋಡಿದರು. ಅವರೆಕಾಯಿಯ ಸೊಗಡು ಅಂಟಿದ ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, ಅಂಗೈ ಮಗುಚಿ ನನ್ನ ಹಣೆಯ ಮೇಲಿಟ್ಟರು, ಆಮೇಲೆ ಕತ್ತಿನ ಮೇಲೆ. ವರ್ಷದ ಹಿಂದೆಯೇ ಇಳಿದುಹೋದ ಜ್ವರವನ್ನು ಬಹಳ ಹೊತ್ತು ಮುಟ್ಟಿ ನೋಡುತ್ತ ಕೂತರು.